ಸೀಟಿನ ದಾರಿ ಕಾಯುವ ಮನೆಗಳು

(ಉಡುಪಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಇಂಥ ಉಪನ್ಯಾಸಗಳಿಗೆ ನಮ್ಮ ಕಡೆ ಯಕ್ಷಗಾನ, ಶಾಸನ, ಪಾಡ್ದನ, ಕಾವ್ಯಮೀಮಾಂಸೆ ಮೊದಲಾದ ವಿಷಯಗಳನ್ನು ಆರಿಸಿಕೊಳ್ಳುವುದು ರೂಢಿ. ಆಯ್ಕೆಯನ್ನು ನನಗೇ ಬಿಟ್ಟಾಗ ಪ್ರತಿವರ್ಷ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಈ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ ಮಾತಾಡೋಣ ಅನ್ನಿಸಿತು. ಕೆಲಸ ಅಂದೆ; ಹೊರಗಿನಿಂದ ನೋಡಿದರೆ ಅಲ್ಲಿ ಯಾರೂ ಏನೂ ಮಾಡುತ್ತಿರುವುದಿಲ್ಲ. ಕಾಯುತ್ತಿರುತ್ತಾರೆ, ಅಷ್ಟೆ. ಮಗನಿಗೆ ಎಲ್ಲಿ ಸೀಟಾಗುತ್ತದೆ, ಮಗಳಿಗೆ ಯಾವ ಕೋರ್ಸು ಸಿಗುತ್ತದೆ ಎಂದು.

2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಜಿಲ್ಲೆ ಶೇ. 93.90 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂತು. ಅದರ ಹಿಂದಿನ ವರ್ಷ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಈ ಅದಲುಬದಲು ನಮಗೆ ಹೊಸತಲ್ಲ, ಫಲಿತಾಂಶದ ದಿನ ಪತ್ರಿಕೆಗಳಲ್ಲಿ ಫೋಟೋ ಬರುವುದೂ ಹೊಸತಲ್ಲ. ನನ್ನ ಆಸಕ್ತಿ ಇರುವುದು ಆ ಫೋಟೋ ಬಂದ ಮರುದಿನದಿಂದ. ಪಾಸಾಗುವುದರಲ್ಲಿ ಮುಂದಿರುವ ಜಿಲ್ಲೆ ಎಂದರೆ ಕಾಯುವವರೂ ಹೆಚ್ಚಿರುವ ಜಿಲ್ಲೆ ಎಂದೇ ಅರ್ಥ.

ಮೊದಲಿಗೆ, ಸೀಟು ಕೊಡುವವರು ಯಾರು ಎಂಬುದು ಎಪ್ಪತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂದು ಹೇಳುತ್ತೇನೆ. ಆಮೇಲೆ ಈ ಕಾಯುವಿಕೆ ಕರಾವಳಿಯ ಋತುಮಾನದ ಜೊತೆ ಹೇಗೆ ಸಿಕ್ಕಿಹಾಕಿಕೊಂಡಿದೆ ಎಂಬುದು. ಕೊನೆಗೆ, ಕಾಯುವ ಭಾರ ಯಾರ ತಲೆಯ ಮೇಲೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ. ನನ್ನ ವಾದ ಈಗಲೇ ಹೇಳಿಬಿಡುತ್ತೇನೆ: ಸೀಟು ಹಂಚಿಕೆ ಹಿಂದಿಗಿಂತ ನ್ಯಾಯವಾಗಿದೆ, ಆದರೆ ಕಾಯುವಿಕೆಯ ಹಂಚಿಕೆ ನ್ಯಾಯವಾಗಿಲ್ಲ. ದುಡ್ಡಿದ್ದವರು ಅದರಿಂದ ಬಿಡಿಸಿಕೊಳ್ಳುತ್ತಾರೆ, ಇಲ್ಲದವರು ಹಂಚಿಕೆಯ ಕೊನೆಯ ಸುತ್ತಿನ ತನಕ ಕಾಯುತ್ತಾರೆ.

ಈಗ ಮೊದಲ ವಿಷಯಕ್ಕೆ ಬರುತ್ತೇನೆ.

1956ರ ತನಕ ನಾವು ಮದ್ರಾಸಿಗೆ ಸೇರಿದವರು. ಉಡುಪಿಯ ಹುಡುಗ ಡಾಕ್ಟರ್ ಆಗಬೇಕಿದ್ದರೆ ಅವನ ಅರ್ಜಿ ಮದ್ರಾಸಿಗೆ ಹೋಗಬೇಕು. ಅಲ್ಲಿ ಕಮ್ಯುನಲ್ ಜಿ.ಓ. ಎಂಬ ಆದೇಶವಿತ್ತು. ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರಿಗೆ 1, ಮುಸ್ಲಿಮರಿಗೆ 1. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ 1951ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಈ ಆದೇಶವನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು ಹಿಂದುಳಿದವರಿಗೆ ಮೀಸಲಾತಿಯ ದಾರಿ ಮತ್ತೆ ತೆರೆಯಿತು. ಈ ಏರಿಳಿತದ ನಡುವೆ, 1953ರಲ್ಲಿ, ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದ ಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಸ್ವಂತ ಹಣದಿಂದಲೇ ನಡೆಯುವ ದೇಶದ ಮೊದಲ ಖಾಸಗಿ ವೈದ್ಯಕೀಯ ಕಾಲೇಜು ಅದು ಎನ್ನುತ್ತಾರೆ. ಆಗ ಮಣಿಪಾಲದಲ್ಲಿ ಕಲಿಸಲು ತಕ್ಕ ಆಸ್ಪತ್ರೆಯೇ ಇರಲಿಲ್ಲ. ಮಂಗಳೂರಿನ ವೆನ್‌ಲಾಕ್ ಮತ್ತು ಲೇಡಿ ಗೋಶನ್ ಸರಕಾರಿ ಆಸ್ಪತ್ರೆಗಳನ್ನು ಕಲಿಕೆಗೆ ಬಳಸಿಕೊಳ್ಳುವ ಒಪ್ಪಂದವಾಯಿತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು.

ಕಟ್ಟಡಕ್ಕೆ, ಉಪಕರಣಕ್ಕೆ ಹಣ ಎಲ್ಲಿಂದ? ಸೇರುವ ವಿದ್ಯಾರ್ಥಿಗಳ ಮನೆಯಿಂದಲೇ. ಈ ಕ್ಯಾಪಿಟೇಷನ್ ಪದ್ಧತಿಯನ್ನು ಹೊಗಳಿದವರೂ ಇದ್ದಾರೆ, ತೆಗಳಿದವರೂ ಇದ್ದಾರೆ. ನಾನು ಎರಡೂ ಮಾಡದೆ ಒಂದು ಮಾತು ನೆನಪಿಸುತ್ತೇನೆ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕಿನ ಪಿಗ್ಮಿ ಠೇವಣಿಯನ್ನು ಶುರು ಮಾಡಿ, ದಿನಕ್ಕೆ ಎರಡಾಣೆ ಉಳಿಸುವುದನ್ನು ಜನರಿಗೆ ಕಲಿಸಿದವರಲ್ಲಿಯೂ ಪೈಯವರೇ ಪ್ರಮುಖರು. ಎರಡಾಣೆ ಕಟ್ಟುವ ಮನೆಗೂ ಡೊನೇಶನ್ ಕೊಡಬಲ್ಲ ಮನೆಗೂ ಇರುವ ದೂರ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಆಗ ಯಾರೂ ಇರಲಿಕ್ಕಿಲ್ಲ.

ಏಕೀಕರಣದ ನಂತರ ನಾವು ಮೈಸೂರು ರಾಜ್ಯದವರಾದೆವು. ಅಲ್ಲಿ ಸಂದರ್ಶನ ಎಂಬ ಇನ್ನೊಂದು ಬಾಗಿಲಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಆಯ್ಕೆ ಸಮಿತಿಯ ಮುಂದೆ ಐದು ಹತ್ತು ನಿಮಿಷ ಕೂತವನ ಭವಿಷ್ಯ ಅಲ್ಲಿ ತೀರ್ಮಾನವಾಗುತ್ತಿತ್ತು. ಅದು ಚಿತ್ರಲೇಖಾ ಪ್ರಕರಣವಾಗಿ ಸುಪ್ರೀಂ ಕೋರ್ಟು ತಲುಪಿ 1964ರಲ್ಲಿ ತೀರ್ಪಾಯಿತು. ಅದಕ್ಕೂ ಮೊದಲು, ಸೀಟುಗಳಲ್ಲಿ ಶೇ. 68 ಮೀಸಲು ಇಟ್ಟ ಮೈಸೂರು ಸರಕಾರದ ಆದೇಶವನ್ನು ಬಾಲಾಜಿ ಪ್ರಕರಣದಲ್ಲಿ ಕೋರ್ಟು ತಳ್ಳಿಹಾಕಿತ್ತು. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾನೂನು ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣ: ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದ ವಿದ್ಯಾರ್ಥಿಗೆ 60,000. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದು ಅರ್ಧ ಉಚಿತ ಸೀಟು, ಅರ್ಧ ಪೇಮೆಂಟ್ ಸೀಟು ಎಂಬ ಏರ್ಪಾಡಾಯಿತು. ಅದನ್ನು ಪ್ರಶ್ನಿಸಿದ ಅರ್ಜಿಗಳ ಗುಂಪಿಗೆ ಹೆಸರು ಕೊಟ್ಟದ್ದು ನಮ್ಮ ಪಕ್ಕದ ಗುಡ್ಡವೇ. ಟಿ. ಎಂ. ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರಕಾರದ ನಡುವಿನ ಈ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಖಾಸಗಿ ಸಂಸ್ಥೆಗಳಿಗೆ ಸ್ವಾಯತ್ತೆ ಉಂಟು, ಬೆಳವಣಿಗೆಗೆ ಬೇಕಾದಷ್ಟು ಉಳಿಕೆ ಮಾಡಬಹುದು, ಆದರೆ ಕ್ಯಾಪಿಟೇಷನ್ ವಸೂಲಿ ಮಾಡುವಂತಿಲ್ಲ, ಪ್ರವೇಶ ಪಾರದರ್ಶಕವಾಗಿರಬೇಕು ಎಂದು ಅದರ ಸಾರ.

ಕಾನೂನಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಪ್ರವೇಶಕ್ಕೆ ಸಂಬಂಧಿಸಿದ ಈ ದೇಶದ ದೊಡ್ಡ ತೀರ್ಪುಗಳ ಪಟ್ಟಿ ಮಾಡಿದರೆ ಬಾಲಾಜಿ, ಚಿತ್ರಲೇಖಾ, ಮೋಹಿನಿ ಜೈನ್, ಟಿ. ಎಂ. ಎ. ಪೈ ನಾಲ್ಕೂ ನಮ್ಮ ರಾಜ್ಯದಿಂದ ಹೋದವು. ಕಾದು ಬೇಸತ್ತ ಮನೆಗಳೇ ಈ ಶಾಸ್ತ್ರವನ್ನು ಬರೆಸಿದವು ಎಂದರೆ ತಪ್ಪಾಗಲಾರದು.

ಈ ನಡುವೆ 1994ರಲ್ಲಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಬಂತು. ಆ ದಿನಗಳನ್ನು ಕಂಡವರು ಇಲ್ಲಿ ಅನೇಕರಿದ್ದೀರಿ. ಕೌನ್ಸೆಲಿಂಗ್‌ಗೆ ಬೆಂಗಳೂರಿಗೇ ಹೋಗಬೇಕು. ಉಡುಪಿಯಿಂದ ರಾತ್ರಿ ಬಸ್ಸು, ಶಿರಾಡಿಯಲ್ಲಿ ಗುಡ್ಡ ಜರಿದರೆ ಚಾರ್ಮಾಡಿ, ಅಲ್ಲೂ ಜರಿದರೆ ದೇವರೇ ಗತಿ. ಪ್ಲಾಸ್ಟಿಕ್ ಕವರಿನೊಳಗೆ ಮೂಲ ಪ್ರಮಾಣಪತ್ರಗಳು, ಅಪ್ಪನ ಒಳಜೇಬಿನಲ್ಲಿ ಡಿ.ಡಿ. ಬೆಂಗಳೂರಿನಲ್ಲಿ ಪರದೆಯ ಮೇಲೆ ಕಾಲೇಜುಗಳ ಹೆಸರು, ಉಳಿದ ಸೀಟುಗಳ ಸಂಖ್ಯೆ. ತಮ್ಮ ಸರದಿ ಬರುವುದರೊಳಗೆ ಆ ಸಂಖ್ಯೆ ಒಂದೊಂದೇ ಇಳಿಯುವುದನ್ನು ಅಪ್ಪ ಮಗಳು ಒಟ್ಟಿಗೆ ಕೂತು ನೋಡುತ್ತಿದ್ದರು. ಕಷ್ಟ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಎರಡು ವಿಷಯಗಳು ಬದಲಾಗಿದ್ದವು. ಕಾರ್ಕಳದ ಬೀಡಿ ಕಟ್ಟುವ ತಾಯಿಯ ಮಗನೂ ಬೆಂಗಳೂರಿನ ವಕೀಲರ ಮಗನೂ ಒಂದೇ ಸಾಲಿನಲ್ಲಿ ರ‍್ಯಾಂಕಿನ ಪ್ರಕಾರ ನಿಲ್ಲುವಂತಾಯಿತು. ಮತ್ತು ಸೀಟು ಸಿಕ್ಕಿತೋ ಇಲ್ಲವೋ ಎಂಬುದು ಅದೇ ದಿನ ಗೊತ್ತಾಗುತ್ತಿತ್ತು.

ಹಳೆಯ ವ್ಯವಸ್ಥೆಯಲ್ಲಿ ಸೀಟು ಕೊಡುವವನಿಗೆ ಒಂದು ಮುಖವಿತ್ತು. ಪ್ರಾಂಶುಪಾಲರ ಮನೆಗೆ ಹೋಗಬಹುದಿತ್ತು, ಪರಿಚಯದವರಿಂದ ಒಂದು ಮಾತು ಹೇಳಿಸಬಹುದಿತ್ತು. ಪರಿಚಯದವರಿಲ್ಲದವರ ಪಾಲಿಗೆ ಅದು ದೊಡ್ಡ ಅನ್ಯಾಯ. ಇಂದು ಆ ಅನ್ಯಾಯ ಬಹುಮಟ್ಟಿಗೆ ಹೋಗಿದೆ, ಅದರ ಜೊತೆಗೆ ಕೇಳಲಿಕ್ಕೆ ಒಬ್ಬ ಮನುಷ್ಯನೂ ಹೋಗಿದ್ದಾನೆ. ಒಂದು ಉದಾಹರಣೆ. ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆಯಾಗಿ ನೀಟ್ ಬಂದ ಮೇಲೆ ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳ ಎಂಬಿಬಿಎಸ್ ಸೀಟುಗಳ ಹಂಚಿಕೆಯೂ ದಿಲ್ಲಿಯ ಸಮಿತಿಯ ಮೂಲಕ ಆಗುತ್ತದೆ. ಉಡುಪಿಯ ಮನೆಯ ಮಹಡಿಯಿಂದ ಮಣಿಪಾಲದ ದೀಪಗಳು ಕಾಣುತ್ತವೆ, ಐದು ಕಿಲೋಮೀಟರ್ ದೂರ. ಆ ಮನೆಯ ಹುಡುಗಿಗೆ ಅಲ್ಲಿ ಸೀಟಾಯಿತೇ ಎಂಬ ಸುದ್ದಿ ಬರಬೇಕಾದ್ದು ದಿಲ್ಲಿಯಿಂದ.

ಇನ್ನು ಎರಡನೆಯ ವಿಷಯ, ಕಾಲಮಾನ.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಬೋಟುಗಳು ಒತ್ತೊತ್ತಾಗಿ ಲಂಗರು ಹಾಕಿರುತ್ತವೆ. ಕಾಪುವಿನಿಂದ, ಉಚ್ಚಿಲದಿಂದ ಮಲ್ಪೆಯ ಬೋಟಿಗೆ ಹೋಗುವವರಿಗೆ ಪಾಲು ಇಲ್ಲ. ನಾಡದೋಣಿಯವರು ಕಡಲು ಬಿಟ್ಟುಕೊಟ್ಟ ದಿನ ಮಾತ್ರ ಇಳಿಯುತ್ತಾರೆ. ಮೀನು ಮಾರುವ ಹೆಂಗಸರ ಬುಟ್ಟಿಯೂ ಹಗುರ. ಮನೆಯಲ್ಲಿ ದುಡ್ಡಿನ ಓಡಾಟ ನಿಂತಿರುವ ಇದೇ ಎರಡು ತಿಂಗಳಲ್ಲಿ ಅರ್ಜಿ ಶುಲ್ಕ, ಪ್ರವೇಶ ಶುಲ್ಕ, ಹಾಸ್ಟೆಲ್ ಮುಂಗಡ, ಪುಸ್ತಕ, ಎಲ್ಲವೂ ಕಣ್ಣ ಮುಂದೆ ನಿಲ್ಲುತ್ತವೆ. ಅದರ ಬೆನ್ನಿಗೆ ತುಳುವರ ಆಟಿ ತಿಂಗಳು. ಆಟಿಯಲ್ಲಿ ಶುಭಕಾರ್ಯ ಬೇಡ ಎನ್ನುವ ಹಿರಿಯರು ಕಾಲೇಜಿಗೆ ಸೇರಿಸುವ ದಿನಕ್ಕೂ ಮುಹೂರ್ತ ನೋಡುತ್ತಾರೆ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ವೇಳಾಪಟ್ಟಿಗೆ ಆಟಿಯೂ ಇಲ್ಲ, ಸೋಣವೂ ಇಲ್ಲ. ಕಾಪುವಿನ ಮಾರಿಗುಡಿಗೆ, ಆನೆಗುಡ್ಡೆಯ ಗಣಪತಿಗೆ, ಅತ್ತೂರಿನ ಸಂತ ಲಾರೆನ್ಸರಿಗೆ ಹೇಳಿಕೊಂಡ ಹರಕೆಗಳಲ್ಲಿ ಸೀಟಿನ ಹರಕೆ ಎಷ್ಟು ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಉನ್ನತ ಶಿಕ್ಷಣ ಇಲಾಖೆಗೆ ಉಪಯೋಗಕ್ಕೆ ಬರುತ್ತಿತ್ತು.

ಕಾಗದಪತ್ರಗಳ ಕತೆ ಬೇರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಅದರ ಆರ್.ಡಿ. ಸಂಖ್ಯೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿ ತನಕ ಓದಿದ ಶಾಲೆಗಳ ದೃಢೀಕರಣ, ಕನ್ನಡ ಮಾಧ್ಯಮದ ಮೀಸಲಾತಿಗೆ ಇನ್ನೊಂದು. ಹಳ್ಳಿಯ ಶಾಲೆ ಮುಚ್ಚಿಹೋಗಿದ್ದರೆ ಬಿಇಓ ಕಚೇರಿ. ಕನ್ನಡ ಶಾಲೆಗಳು ಮುಚ್ಚುತ್ತಿರುವುದರ ಬಗ್ಗೆ ವೇದಿಕೆಗಳಲ್ಲಿ ಬಹಳ ಮಾತಾಡುತ್ತೇವೆ; ಮುಚ್ಚಿದ ಶಾಲೆಯಲ್ಲಿ ಓದಿದ ಹುಡುಗಿ ಸಹಿಗಾಗಿ ಅಲೆಯುವುದು ಆ ಮಾತುಗಳಲ್ಲಿ ಬರುವುದಿಲ್ಲ.

ಕಾಪು ಪೇಟೆಯ ಒಂದು ಸೈಬರ್ ಅಂಗಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೊರಗೆ ಜೋರು ಮಳೆ, ಹೆದ್ದಾರಿಯ ಲಾರಿಗಳು ಎಬ್ಬಿಸಿದ ನೀರು ಮೆಟ್ಟಿಲ ತನಕ. ಒಳಗೆ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬಲು, ಬಂದ ಹುಡುಗಿ, ಜೊತೆಗೆ ತಾಯಿ. ಹುಡುಗಿಯ ಕೈಯಲ್ಲಿ ಹಳೆಯ ನೋಟ್‌ಬುಕ್. ಎಡಗಡೆ ಕಾಲೇಜಿನ ಕೋಡು, ಬಲಗಡೆ ಸಿಎಸ್, ಐಎಸ್, ಇಸಿ, ಅದರ ಮುಂದೆ ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕು, ಪೆನ್ಸಿಲಿನಲ್ಲಿ. ಲಾಗಿನ್ ಆಗಬೇಕಾದರೆ ಓಟಿಪಿ ಬೇಕು. ನೋಂದಣಿ ಮಾಡುವಾಗ ಕೊಟ್ಟದ್ದು ಅಪ್ಪನ ನಂಬರು, ಅಪ್ಪ ಇರುವುದು ಮುಂಬಯಿಯ ಹೋಟೆಲಿನ ಗಲ್ಲೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತು. “ಪಪ್ಪಾ, ಆರಂಕಿಯ ಮೆಸೇಜ್ ಬಂದಿದೆಯಾ ನೋಡಿ.” “ಒಂದ್ನಿಮಿಷ ನಿಲ್ಲು ಮಗಾ, ಗಿರಾಕಿ ಉಂಟು.” ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿಯಿತು. ಎರಡನೆಯ ಸಲ ಬಂದಾಗ ಇಲ್ಲಿ ಕರೆಂಟು ಹೋಯಿತು. ಅಂಗಡಿಯವನು ಇನ್ವರ್ಟರ್ ಹಾಕಿ, ಮೂರನೆಯ ಸಲಕ್ಕೆ ಕೆಲಸವಾಯಿತು. ತಾಯಿ ಇಡೀ ಹೊತ್ತು ಒಂದೂ ಮಾತಾಡಲಿಲ್ಲ. ಪರದೆಯನ್ನೂ ನೋಡಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದರು.

ಆ ಹುಡುಗಿ ತನ್ನ ಪಟ್ಟಿಯಲ್ಲಿ ‘ಸಿಗಬಹುದಾದ’ ಕಾಲೇಜನ್ನು ಮೇಲೆ, ‘ಬೇಕಾದ’ ಕಾಲೇಜನ್ನು ಕೆಳಗೆ ಬರೆದಿದ್ದಳು. ಬಹಳ ಮನೆಗಳಲ್ಲಿ ಹೀಗೆಯೇ ಮಾಡುತ್ತಾರೆ. ಮೇಲಿನದು ಸಿಗದಿದ್ದರೆ ಎಲ್ಲವೂ ಹೋದೀತು ಎಂಬ ಹೆದರಿಕೆ. ಹಂಚಿಕೆ ನಡೆಯುವುದು ರ‍್ಯಾಂಕಿನ ಕ್ರಮದಲ್ಲಿ. ನಿಮ್ಮ ಸರದಿ ಬಂದಾಗ ಗಣಕ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬರುತ್ತದೆ, ಖಾಲಿ ಇರುವ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಸಿಗದ ಕಾಲೇಜನ್ನು ಮೇಲಿಟ್ಟರೆ ನಷ್ಟವಿಲ್ಲ. ಬೇಡದ್ದನ್ನು ಮೇಲಿಟ್ಟರೆ ಅದೇ ಗಂಟುಬೀಳುತ್ತದೆ. ಹೆತ್ತವರು ಈ ಸಭೆಯಿಂದ ಇದೊಂದನ್ನು ಒಯ್ದರೂ ನನಗೆ ಸಾಕು.

ಕಾಯುವಿಕೆ ಉದ್ದವಾಗುವುದಕ್ಕೆ ಕಾರಣ ಒಂದೆರಡಲ್ಲ. 2021ರ ನೀಟ್ ಫಲಿತಾಂಶ ನವೆಂಬರ್ 1ಕ್ಕೆ ಬಂದರೆ ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಕೊರೊನಾ ವರ್ಷದಲ್ಲಿ ಪರೀಕ್ಷೆಯಿಲ್ಲದೆ ಪಿಯುಸಿ ಮುಗಿಸಿದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಸೇರಿಸಬೇಕೇ ಬೇಡವೇ ಎಂಬ ಜಗಳ ಹೈಕೋರ್ಟಿಗೆ ಹೋಯಿತು. ಅವರ ಅಂಕಗಳಲ್ಲಿ ಸರಾಸರಿ 6 ಕಳೆದು ಹೊಸ ಪಟ್ಟಿ ಮಾಡುವ ಸೂತ್ರಕ್ಕೆ ಬಂದು ನಿಂತಿತು. ಜುಲೈ ಕೊನೆಯಲ್ಲಿ ಬಂದ ರ‍್ಯಾಂಕು ಅಕ್ಟೋಬರ್ ಹೊತ್ತಿಗೆ ಬೇರೆಯಾಯಿತು. 2024ರಲ್ಲಿ ಸಿಇಟಿಯ ಪಠ್ಯದಾಚೆಯ ಪ್ರಶ್ನೆಗಳು. ಅದೇ ವರ್ಷ ಜೂನ್ 4ರಂದು, ಲೋಕಸಭಾ ಮತ ಎಣಿಕೆಯ ದಿನ, ಹೇಳಿದ್ದಕ್ಕಿಂತ ಹತ್ತು ದಿನ ಮೊದಲೇ ಬಂದ ನೀಟ್ ಫಲಿತಾಂಶ, 67 ಮಂದಿಗೆ ಪೂರ್ಣ 720 ಅಂಕ, 1,563 ಮಂದಿಯ ಕೃಪಾಂಕ ರದ್ದಾಗಿ ಮರುಪರೀಕ್ಷೆ, ಜುಲೈ 23ರ ತನಕ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ. ಆ ಬೇಸಗೆಯಿಂದ ಮಳೆಗಾಲದ ತನಕ ಪರೀಕ್ಷೆಯೇ ಇರುತ್ತದೋ ರದ್ದಾಗುತ್ತದೋ ತಿಳಿಯದೆ ಕೂತ ಮನೆಗಳಿಗೆ ಯಾರೂ ಕ್ಷಮೆ ಕೇಳಿದ್ದು ನನಗೆ ನೆನಪಿಲ್ಲ.

ಈಗ ಮೂರನೆಯ ಮಾತು, ಭಾರದ ಲೆಕ್ಕ.

ಖಾಸಗಿ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ಸಂಸ್ಥೆಗಳಿಗೆ ತಮ್ಮದೇ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳಿವೆ, ಮಣಿಪಾಲಕ್ಕೂ ಇದೆ. ಖಾಸಗಿ ಕಾಲೇಜುಗಳ ಕಾಮೆಡ್‌ಕೆ ಪರೀಕ್ಷೆ ಇದೆ, ಮ್ಯಾನೇಜ್‌ಮೆಂಟ್ ಸೀಟಿದೆ. ಪಿಯುಸಿ ಫಲಿತಾಂಶಕ್ಕೂ ಮೊದಲೇ ಮುಂಗಡ ಕಟ್ಟಿ ಒಂದು ಸೀಟನ್ನು ಭದ್ರ ಮಾಡಿಕೊಂಡ ಮನೆಯವರು ಸಿಇಟಿಯ ಸುತ್ತುಗಳನ್ನು ನಿಶ್ಚಿಂತೆಯಿಂದ ನೋಡಬಹುದು. ಇನ್ನೂ ಒಳ್ಳೆಯದು ಬಂದರೆ ಮುಂಗಡ ಬಿಟ್ಟರಾಯಿತು. ಇದು ತಪ್ಪು ಎಂದು ನಾನು ಹೇಳುತ್ತಿಲ್ಲ, ಆಗುವವರು ಮಾಡುತ್ತಾರೆ. ಆಗದವರ ಸ್ಥಿತಿ ನೋಡಿ. ಬ್ಯಾಂಕಿನಲ್ಲಿ ಏಳೂವರೆ ಲಕ್ಷದ ತನಕ ಅಡಮಾನವಿಲ್ಲದ ಶಿಕ್ಷಣ ಸಾಲ ಉಂಟು ಎಂದು ಕೇಳಿ ಹೋದರೆ, ಮ್ಯಾನೇಜರ್ ಮೊದಲು ಕೇಳುವುದು ಸೀಟು ಹಂಚಿಕೆಯ ಪತ್ರ. ಅದು ಬಾರದೆ ಸಾಲವಿಲ್ಲ, ಸಾಲವಿಲ್ಲದೆ ಶುಲ್ಕವಿಲ್ಲ. ಪತ್ರ ಬಂದ ಮೇಲೆ ಹಣ ಕಟ್ಟಲು ಸಿಗುವುದು ಕೆಲವೇ ದಿನ. ಆ ಕೆಲವು ದಿನಕ್ಕೆ ಚಿನ್ನ ಅಡವಿಡುವುದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ದಾರಿ. ಸೀಟುಗಳನ್ನು ಹಿಡಿದಿಟ್ಟು ಕೊನೆಗೆ ಬಿಟ್ಟುಬಿಡುವ ಸೀಟ್ ಬ್ಲಾಕಿಂಗ್ ದಂಧೆಯ ಬಗ್ಗೆ 2024ರಲ್ಲಿ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಡಬೇಕಾಯಿತು. ಹಾಗೆ ಹಿಡಿದಿಟ್ಟ ಪ್ರತಿಯೊಂದು ಸೀಟಿನ ಹಿಂದೆ ಒಂದು ಮನೆ ಇನ್ನೊಂದು ಸುತ್ತು ಕಾದಿರುತ್ತದೆ.

ಸುಮ್ಮನೆ ಕೂರುವುದು ಬೇಡವೆಂದು ಮಕ್ಕಳನ್ನು ಜೂನ್‌ನಲ್ಲಿ ಊರಿನ ಡಿಗ್ರಿ ಕಾಲೇಜಿಗೆ ಸೇರಿಸುವವರು ಬಹಳ. ಆಮೇಲೆ ಎಂಜಿನಿಯರಿಂಗ್ ಸೀಟು ಬಂದಾಗ ಕಟ್ಟಿದ ಹಣ ವಾಪಸಿಲ್ಲ, ಟಿ.ಸಿ. ಈಗ ಆಗುವುದಿಲ್ಲ ಎಂಬ ಉತ್ತರ ಕೌಂಟರಿನಲ್ಲಿ ಸಿಕ್ಕಿದ ಹೆತ್ತವರು ಇಲ್ಲೇ ಇದ್ದಾರೆಂದು ನನಗೆ ಗೊತ್ತು. ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. 2024-25ರ ಸಾಲಿಗೆ ಸೆಪ್ಟೆಂಬರ್ 30ರ ತನಕ ಸೀಟು ಬಿಟ್ಟವರಿಗೆ ಪೂರ್ಣ ಶುಲ್ಕ, ಅಕ್ಟೋಬರ್ 31ರ ತನಕ ಬಿಟ್ಟವರಿಗೆ ಹೆಚ್ಚೆಂದರೆ 1,000 ರೂಪಾಯಿ ಕಳೆದು ಉಳಿದದ್ದು ಎಂದು ನಿಯಮ ಮಾಡಿತ್ತು. ಆಯಾ ವರ್ಷದ ಸುತ್ತೋಲೆಯ ಪ್ರತಿ ಕೈಯಲ್ಲಿ ಹಿಡಿದು ಹೋಗಿ. ಕೌಂಟರಿನಲ್ಲಿ ಜೋರು ಮಾಡುವುದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಗಿಸಿದರೆ ಅನ್ಯಾಯ. ಕಾರ್ಕಳದ ಒಳಗಿನ ಊರುಗಳಲ್ಲಿ, ಘಟ್ಟದ ಬುಡದ ಮಾಳ, ಈದು, ನೂರಾಳ್‌ಬೆಟ್ಟುಗಳಲ್ಲಿ, ಸೀಟಿನ ಸುತ್ತುಗಳು ಮುಂದೆ ಹೋದಷ್ಟೂ ಹುಡುಗಿಯ ಆಯ್ಕೆಯ ಪಟ್ಟಿ ಕಿರಿದಾಗುತ್ತದೆ. ಮೊದಲು ಬೆಂಗಳೂರು ಹೋಗುತ್ತದೆ, ಆಮೇಲೆ ಮೈಸೂರು. ನಿಟ್ಟೆ ಆದೀತು, ಬಂಟಕಲ್ಲು ಆದೀತು, ಮನೆಯಿಂದ ಹೋಗಿ ಬರಬಹುದಲ್ಲ ಎನ್ನುತ್ತಾರೆ. ನಿಟ್ಟೆಯಲ್ಲಿ 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಗಿರದಿದ್ದರೆ ಆ ಭಾಗದ ಎಷ್ಟೋ ಹುಡುಗಿಯರು ಎಂಜಿನಿಯರಾಗುತ್ತಲೇ ಇರಲಿಲ್ಲ ಎಂಬುದೂ ಸತ್ಯ. ಆದರೆ ಹತ್ತಿರದ ಕಾಲೇಜು ಒಂದು ಅನುಕೂಲವಾಗಿರಬೇಕು, ಗಡಿಯಾಗಬಾರದು. ತಮ್ಮನಿಗೆ ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಸಿಗಲಿಲ್ಲವೆಂದು ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಕೊಡಿಸುವ ಮನೆ, ಅಕ್ಕನಿಗೆ ಅದೇ ವರ್ಷವನ್ನು ಕೊಡಲು ಹಿಂದೆಮುಂದೆ ನೋಡುತ್ತದೆ. ಹಾಗಾಗಿ ಅವಳ ಪಾಲಿಗೆ ಮೂರನೆಯ ಸುತ್ತು ಎಂಬುದು ನಿಜವಾಗಿಯೂ ಕೊನೆಯ ಸುತ್ತು.

ಕೊನೆಯದಾಗಿ, ಈ ಸಂಸ್ಥೆಯ ಆಡಳಿತದ ಮುಂದೆ ಒಂದು ವಿನಂತಿ. ಆಪ್ಷನ್ ಎಂಟ್ರಿ ಮತ್ತು ಛಾಯ್ಸ್ ಆಯ್ಕೆಯ ದಿನಗಳಲ್ಲಿ ನಿಮ್ಮ ಗಣಕಕೊಠಡಿಯನ್ನು ರಾತ್ರಿ ಎಂಟರ ತನಕ ಊರವರಿಗೆ ತೆರೆದಿಡಿ. ಎರಡನೆಯ ಛಾಯ್ಸ್ ಎಂದರೆ ಸಿಕ್ಕಿದ್ದನ್ನು ಹಿಡಿದುಕೊಂಡು ಮುಂದಿನ ಸುತ್ತಿಗೆ ಹೋಗುವುದು, ಮೂರನೆಯದೆಂದರೆ ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಒಂದು ಕ್ಲಿಕ್ಕಿನ ವ್ಯತ್ಯಾಸದಲ್ಲಿ ಸೀಟು ಕಳೆದುಕೊಳ್ಳುವವರಿದ್ದಾರೆ. ಇದನ್ನು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ವಿವರಿಸಬಲ್ಲ ಇಬ್ಬರು ಅಧ್ಯಾಪಕರು ಅಲ್ಲಿ ಕೂತರೆ ಸಾಕು. ಜನರೇಟರ್‌ಗೆ ಡೀಸೆಲ್ ತುಂಬಿಸಿಡಿ. ಆ ದಿನಗಳಲ್ಲಿ ಮಳೆ ಬಂದೇ ಬರುತ್ತದೆ, ಕರೆಂಟು ಹೋಗಿಯೇ ಹೋಗುತ್ತದೆ. ಖರ್ಚಿನ ಪ್ರಶ್ನೆ ಬಂದರೆ, ಇಂದಿನ ಗೌರವಧನವನ್ನು ಮೊದಲ ಕಂತಾಗಿ ಇಲ್ಲೇ ಬಿಟ್ಟು ಹೋಗುತ್ತಿದ್ದೇನೆ.

 ಅಧ್ಯಕ್ಷರು ಅನುಮತಿ ಕೊಟ್ಟರೆ ಹೆತ್ತವರ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳೋಣ.